ಟಿಣ್ ಎನ್ನುವ ರೇಷ್ಮೆಹುಳು

ಟೇಕಲ್ಲಿನ ನಮ್ಮ ಮನೆಯ ಬಾಗಿಲು ಬೆಳಿಗ್ಗೆ ತೆರೆದರೆ ರಾತ್ರಿ ಊಟವಾದ ಮೇಲೆಯೇ ಮುಚ್ಚುತ್ತಿತ್ತು. ನಡುವೆ ಯಾರು ಬೇಕಾದರೂ ಬರಬಹುದು, ಬಂದವರು ಕೂರಬಹುದು, ಕೂತವರು ಏಳದೆಯೂ ಇರಬಹುದು. ನಾನು ಸೊಸೆಯಾಗಿ ಬಂದ ಮೂರು ವರ್ಷ ಇದರಿಂದ ನನಗೆ ಯಾವ ತೊಂದರೆಯೂ ಆಗಿರಲಿಲ್ಲ. ತೊಂದರೆ ಶುರುವಾದದ್ದು 1979ರ ಸಂಕ್ರಾಂತಿಯ ಮಾರನೆಯ ದಿನ, ನನ್ನ ಗಂಡ ಕದಿರೇಶ್ ಒಂದು ಪೆಟ್ಟಿಗೆಯನ್ನು ಕೂಸಿನ ಹಾಗೆ ಎದೆಗವಚಿಕೊಂಡು ಬೆಂಗಳೂರಿನ ರೈಲಿನಿಂದ ಇಳಿದಾಗ.

ಪೆಟ್ಟಿಗೆಯಲ್ಲಿ ಇದ್ದದ್ದು ಕನ್ನಡ ಟೈಪ್‌ರೈಟರು. ಇವರು ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ಗುಮಾಸ್ತರು. ರೈಲಿನ ಸ್ನೇಹಿತರೊಬ್ಬರು ಪುಸ್ತಕ ಅಚ್ಚು ಹಾಕಿಸುತ್ತಿದ್ದರು. ಅವರಿಗೆ ಒಂದು ಇಂಗ್ಲಿಷ್ ಪುಸ್ತಕವನ್ನು ಕನ್ನಡಕ್ಕೆ ಮಾಡಿಕೊಡುವವರು ಬೇಕಾಗಿತ್ತು. ಇವರು "ನಮ್ಮನೇಲಿ ಬಿ.ಎ. ಆಗಿದೆ" ಅಂದರಂತೆ. ನನ್ನ ಕೈಬರಹವನ್ನು ಎರಡು ದಿನ ಕಳೆದರೆ ನಾನೇ ಓದಲಾರೆ, ಆದ್ದರಿಂದ ಟೈಪ್‌ರೈಟರನ್ನೂ ಅವರಿಂದಲೇ ಕಡ ತಂದಿದ್ದರು.

ಪುಸ್ತಕದ ಹೆಸರು ‘ಮನೆಯಲ್ಲೇ ಕುಳಿತು ಹೆಚ್ಚು ಕೆಲಸ ಮಾಡುವುದು ಹೇಗೆ’. ಯಾರೋ ಇಂಗ್ಲೆಂಡಿನ ದೊರೆ ಬರೆದದ್ದು. ಹನ್ನೊಂದು ಅಧ್ಯಾಯ. ಯುಗಾದಿಗೆ ಮುಂಚೆ ಟೈಪ್ ಮಾಡಿ ಕೊಟ್ಟರೆ ಮೊದಲ ಪುಟದಲ್ಲಿ ‘ಕನ್ನಡಕ್ಕೆ: ಎಂ. ಅನಸೂಯ’ ಎಂದು ಅಚ್ಚಾಗುತ್ತದೆ. ಇಲ್ಲವಾದರೆ ಬೆಂಗಳೂರಿನ ಒಬ್ಬ ಮೇಷ್ಟ್ರು ಕೈಚಾಚಿ ಕೂತಿದ್ದಾರೆ, ಅವರ ಪಾಲು. ಮದುವೆಯಾದ ಮೇಲೆ ನನ್ನ ಹೆಸರು ಸರ್ಕಾರದ ಕಾಗದದಲ್ಲಿ ಕಂಡದ್ದು ರೇಷನ್ ಕಾರ್ಡಿನಲ್ಲಿ ಮಾತ್ರ. ಅಲ್ಲಿಯೂ ‘ಅನುಸಯಿ, ಗಂಡು’ ಎಂದಿತ್ತು. ಒಮ್ಮೆಯಾದರೂ ಸರಿಯಾಗಿ ಅಚ್ಚಾಗಬೇಕೆಂದು ನನಗೆ ಬಹಳ ಆಸೆ.

ಮೊದಲು ಕೈಯಲ್ಲಿ ಬರೆದು ಆಮೇಲೆ ಟೈಪ್ ಮಾಡೋಣವೆಂದು ಪೆಟ್ಟಿಗೆಯನ್ನು ಹುಳದ ಕೋಣೆಯಲ್ಲಿಟ್ಟೆ. ನಾವು ರೇಷ್ಮೆಹುಳು ಸಾಕುವವರು. ಆಗ ಹಳೇ ಬೆಳೆ ಮುಗಿದು, ಹೊಸ ಮೊಟ್ಟೆ ತಾರದೆ, ಕೋಣೆ ಖಾಲಿ ಇತ್ತು. ನಾನು ನಡುಮನೆಯಲ್ಲಿ ಚಾಪೆ ಹಾಸಿ ಬರೆಯಲು ಕೂತೆ.

ಒಂದು ವಾಕ್ಯ ಬರೆಯುವಷ್ಟರಲ್ಲಿ ಪಕ್ಕದ ಮನೆಯ ರಾಮಲಕ್ಷ್ಮಮ್ಮ ಬಂದರು. ಅವರು ನಂಗಲಿ ಕಡೆಯವರು, ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು.

"ಏಮಮ್ಮಾ, ಖಾಳೀಗಾ ಉನ್ನಾವಾ? ಬಿಡುವಾಗಿದ್ದೀಯಲ್ಲ, ಈ ಮಗೂನ ಒಂಚೂರು ನೋಡ್ಕೊ. ಬಾವಿಗೆ ಹೋಗ್ಬಿಟ್ ಬರ್ತೀನಿ."

"ಕೆಲಸ ಮಾಡ್ತಿದ್ದೀನಿ ಅಕ್ಕಾ."

"ಎಲ್ಲಿ ಮಾಡ್ತಿದ್ದೀಯ, ಕೂತಿದ್ದೀಯಲ್ಲ" ಅಂದು ಮಗುವನ್ನು ನನ್ನ ತೊಡೆಗೆ ಹಾಕಿಹೋದರು. ಬರುವಾಗ ಒಂದು ಬಟ್ಟಲು ಅವರೆಕಾಳು ಹುಳಿ ತಂದರು. ಅಂಥವರ ಮೇಲೆ ಸಿಟ್ಟು ಮಾಡುವುದು ಹೇಗೆ?

ಹತ್ತು ಗಂಟೆಗೆ ಆವಲಪ್ಪ ತಾತ ಬರುತ್ತಿದ್ದರು. ಅವರಿಗೆ ಓದು ಬಾರದು, ಆದರೆ ಪೇಪರಿನಲ್ಲಿ ಒಂದಕ್ಷರವೂ ಬಿಡಬಾರದು. ಟೆಂಡರ್ ಪ್ರಕಟಣೆಗಳನ್ನು ವಿಶೇಷ ಶ್ರದ್ಧೆಯಿಂದ ಕೇಳುತ್ತಿದ್ದರು. "ತೆಂಗಿನ ನಾರಿನ ಹಗ್ಗ ನಾನೂರು ಕೆ.ಜಿ. ಏನ್ಮಾಡ್ತಾರಮ್ಮ ಅಷ್ಟೊಂದು ಹಗ್ಗ ತಗೊಂಡು?" ಎಂದು ಹನ್ನೊಂದರವರೆಗೆ ಚಿಂತಿಸುತ್ತಿದ್ದರು.

ಸರಿ, ಪುಸ್ತಕದಲ್ಲೇ ಉಪಾಯವಿರಬೇಕಲ್ಲ ಎಂದು ದೊರೆಯ ಮಾತು ಕೇಳಿದೆ. ‘ಬಾಗಿಲನ್ನು ಮುಚ್ಚಿಕೊಳ್ಳಿ’ ಎಂದಿದ್ದ. ಮುಚ್ಚಿಕೊಂಡೆ. ಹಾಡುಹಗಲು ಬಾಗಿಲು ಹಾಕಿದೆಯೆಂದರೆ ಅತ್ತೆ ಸೊಸೆಗೆ ಜಗಳವಾಗಿರಬೇಕು ಎಂದು ಐದು ಜನ ಸಮಾಧಾನ ಹೇಳಲು ಬಂದರು. ಮೂವರು ನನ್ನ ಪರ, ಇಬ್ಬರು ಅತ್ತೆಯ ಪರ. ಜಗಳವೇ ಇಲ್ಲವೆಂದು ತಿಳಿದ ಮೇಲೂ ಕಾಫಿ ಕುಡಿದೇ ಹೋದರು.

‘ಕಚೇರಿಗೆ ಹೊರಟವರಂತೆ ಉಡುಪು ಧರಿಸಿ ಕುಳಿತರೆ ಉತ್ಸಾಹ ತಾನಾಗಿ ಬರುತ್ತದೆ’ ಎಂದಿದ್ದ. ನನ್ನಲ್ಲಿದ್ದ ಒಳ್ಳೆಯ ಸೀರೆ ಮದುವೆಯ ರೇಷ್ಮೆ ಸೀರೆ ಒಂದೇ. ಅದನ್ನುಟ್ಟು ಕೂತೆ. ರಾಮಲಕ್ಷ್ಮಮ್ಮ ಬಾಗಿಲಲ್ಲಿ ಇಣುಕಿ, ಏನೂ ಕೇಳದೆ ವಾಪಸು ಹೋಗಿ, ಅರ್ಧ ಗಂಟೆಯಲ್ಲಿ ತಲೆಗೆ ಹೂ ಮುಡಿದು ಬಂದು, "ನಡಿ, ಯಾರ ಮದುವೆ?" ಅಂದರು.

ಫೆಬ್ರವರಿ ಮುಗಿಯುವ ಹೊತ್ತಿಗೆ ಒಂದೂವರೆ ಅಧ್ಯಾಯವಾಗಿತ್ತು. ಯುಗಾದಿಗೆ ಒಂದು ತಿಂಗಳೂ ಇರಲಿಲ್ಲ. ಒಂದು ಮಧ್ಯಾಹ್ನ ಹಿತ್ತಲಲ್ಲಿ ಒಬ್ಬಳೇ ಕೂತು ಅತ್ತುಬಿಟ್ಟೆ. ನನ್ನತ್ತೆ ಮುನಿಗಂಗಮ್ಮ ಮೇಕೆಗಳಿಗೆ ನೀರಿಡಲು ಬಂದವರು ನೋಡಿದರು. ನೀರಿಟ್ಟು ಹೋದರು.

ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಹುಳದ ಕೋಣೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆ. ಹೊಸ್ತಿಲಿಗೆ ಸುಣ್ಣದ ಪುಡಿ ಹಾಕಿದೆ. ಪಕ್ಕದಲ್ಲಿ ಕಾಲು ತೊಳೆಯಲು ಔಷಧಿ ನೀರಿನ ಬೋಗುಣಿ. ಒಳಗೆ ಬಿದಿರಿನ ತಟ್ಟೆಗಳ ನಡುವೆ ಒಂದು ಮಣೆ, ಅದರ ಮುಂದೆ ಸ್ಟೂಲಿನ ಮೇಲೆ ಟೈಪ್‌ರೈಟರು.

"ಒಳಗೆ ಹೋಗು" ಅಂದರು ಅತ್ತೆ.

ಹುಳ ಸಾಕದವರಿಗೆ ಇಷ್ಟು ಹೇಳಬೇಕು. ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಅದು ಮೇವು ಬಿಟ್ಟು ತಲೆಯೆತ್ತಿ ಅಲುಗದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ‘ಜ್ವರ’ ಎನ್ನುತ್ತೇವೆ. ಹುಳ ಜ್ವರಕ್ಕೆ ಕೂತ ಮನೆಗೆ ಹೊರಗಿನವರು ಕಾಲಿಡುವುದಿಲ್ಲ, ಗಟ್ಟಿಯಾಗಿ ಮಾತಾಡುವುದಿಲ್ಲ. ಬಿ.ಎ. ಓದಿದವಳ ಕೆಲಸಕ್ಕೆ ಇಲ್ಲದ ಮರ್ಯಾದೆ ಬೆರಳುದ್ದದ ಹುಳಕ್ಕೆ ಇತ್ತು.

ರಾಮಲಕ್ಷ್ಮಮ್ಮ ಮಗುವಿನೊಡನೆ ಬಂದಾಗ ಅತ್ತೆ ಜಗಲಿಯಲ್ಲೇ ತಡೆದರು. "ಒಳಗೆ ಜ್ವರ."

"ಮೊಟ್ಟೆ ಯಾವಾಗ ತಂದ್ರಿ, ಗೊತ್ತೇ ಆಗ್ಲಿಲ್ಲ?"

"ನನ್ನ ಮಗ ಬೆಂಗಳೂರಿಂದ ಪೆಟ್ಟಿಗೇಲಿ ಎದೆಗವುಚ್ಕೊಂಡು ಬಂದಿದ್ದು ನೀನೂ ನೋಡ್ಲಿಲ್ವಾ?"

ಅವರು ನೋಡಿದ್ದರು. ತುಟಿಯ ಮೇಲೆ ಬೆರಳಿಟ್ಟುಕೊಂಡು ಹಿಮ್ಮುಖವಾಗಿಯೇ ಮೆಟ್ಟಿಲಿಳಿದರು.

"ಸುಳ್ಳು ಹೇಳಿದ್ರಲ್ಲ ಅತ್ತೆ" ಎಂದೆ ಸಂಜೆ.

"ಏನ್ ಸುಳ್ಳು? ಜ್ವರ ಅಂದೆ. ಯಾರಿಗೆ ಅಂತ ಹೇಳಿದ್ನಾ?"

ಆ ಮೇಲೆ ಕೆಲಸ ಓಡಿತು. ಬರೆಯುವುದನ್ನೇ ಬಿಟ್ಟು ನೇರವಾಗಿ ಟೈಪ್ ಮಾಡತೊಡಗಿದೆ. ಅತ್ತೆಯ ಲೆಕ್ಕದ ಮೊದಲನೇ ಜ್ವರ ಮುಗಿಯುವ ಹೊತ್ತಿಗೆ ಮೂರು ಅಧ್ಯಾಯ, ಎರಡನೆಯದಕ್ಕೆ ಐದು. ಒಂದೊಂದು ಅಧ್ಯಾಯವನ್ನೂ ಒಂದೊಂದು ತಟ್ಟೆಯಲ್ಲಿಟ್ಟೆ. ನೋಡುವವರ ಕಣ್ಣಿಗೆ ಸರಿ ಕಾಣಲೆಂದು ಅತ್ತೆ ತೋಟದಿಂದ ದಿನಕ್ಕೆ ಮೂರು ಕುಕ್ಕೆ ಹಿಪ್ಪುನೇರಳೆ ಸೊಪ್ಪು ತಂದು ಮುಂಬಾಗಿಲಿಂದ ಒಳಗೆ ಒಯ್ಯುತ್ತಿದ್ದರು, ಕೋಣೆಯ ಹಿಂಬಾಗಿಲಿಂದ ಹಿತ್ತಲಿನ ಮೇಕೆಗಳಿಗೆ ಹಾಕುತ್ತಿದ್ದರು. ಮೇಕೆಗಳು ಉಬ್ಬಿಹೋದವು. ಅವುಗಳ ಹಿಕ್ಕೆ ಗುಡಿಸಿ ತಿಪ್ಪೆಗೆ ಹಾಕಿದ್ದನ್ನು ಆವಲಪ್ಪ ತಾತ ಕೋಲಿನಿಂದ ಕೆದಕಿ, ಒಂದನ್ನು ಬೆರಳಲ್ಲಿ ಹಿಡಿದು ಬಿಸಿಲಿಗೆ ಹಿಡಿದರು.

"ಮುನಿಗಂಗಮ್ಮ, ಹುಳದ ಹಿಕ್ಕೆ ಇಷ್ಟು ದಪ್ಪಾನಾ?"

"ಸೊಪ್ಪು ಚೆನ್ನಾಗಿ ತಿಂತಾವೆ."

"ಶಬ್ದಾನೂ ಕೇಳಿದೆ. ನಮ್ಮ ಹುಳ ತಿಂದ್ರೆ ಮಳೆ ಹನಿದಂಗೆ ಕೇಳಿಸ್ತದೆ. ಇವು ಟಕಟಕ ಅಂತಾವೆ."

"ಹೊಸಾ ತಳಿ" ಅಂದರು ಅತ್ತೆ. "ಹಲ್ಲು ಗಟ್ಟಿ."

ನಾನು ಒಳಗೆ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದೆ.

ಗಟ್ಟಿ ಹಲ್ಲಿನ ಹುಳದ ಸುದ್ದಿ ಮಾಲೂರು ತಲುಪಲು ಎಷ್ಟು ಹೊತ್ತು. ಮೂರನೇ ಜ್ವರದ ಹೊತ್ತಿಗೆ ರೇಷ್ಮೆ ಇಲಾಖೆಯ ಕೋದಂಡರಾಮಪ್ಪನವರು ಸೈಕಲ್ಲಿನಲ್ಲಿ ಬಂದಿಳಿದರು. ಹುಳ ಸಾಕುವುದನ್ನು ಊರೂರು ತಿರುಗಿ ಹೇಳಿಕೊಡುವವರು. ಅವರಿಗೆ ಜ್ವರ ಎಂದು ಹೇಳಿ ಕಳಿಸುವಂತಿಲ್ಲ. ಅವರು ಕಾಲು ತೊಳೆದು ಬಾಗಿಲ ಹೊರಗೆ ನಿಂತರು. ಹಿಂದೆ ಅರ್ಧ ಬೀದಿ. ನಾನು ನಿಲ್ಲಿಸಿದರೆ ಅನುಮಾನ, ನಿಲ್ಲಿಸದಿದ್ದರೂ ಅನುಮಾನ. ಕೈ ತಾನಾಗಿ ಸಾಲು ಮುಗಿಸಿತು. ಟೈಪ್‌ರೈಟರಿನ ಗಂಟೆ ಟಿಣ್ ಎಂದಿತು.

"ಅದೇನು ಟಿಣ್ ಅಂದಿದ್ದು?" ಎಂದರು ಕೋದಂಡರಾಮಪ್ಪ.

"ಒಂದು ಸಾಲು ಮುಗೀತು ಅಂತ ಸಾರ್" ಅಂದರು ಅತ್ತೆ. ಪಾಪ, ಅದೂ ನಿಜವೇ.

ಅವರು ಬಗ್ಗಿ ಬಾಗಿಲ ಸಂದಿಗೆ ಕಣ್ಣಿಟ್ಟರು. ಒಳಗೆ ನಾನು, ಕೂದಲು ಕೆದರಿಕೊಂಡು, ಒಂದು ಕೈಯಲ್ಲಿ ಕಾಗದ, ಒಂದು ಕೈಯಲ್ಲಿ ಕಾಫಿ ಲೋಟ. ಆ ಸಂದಿಯ ಕಣ್ಣನ್ನೇ ನೋಡುತ್ತ ಕೂತೆ. ಕಣ್ಣು ಎರಡು ಸಲ ಮಿಟುಕಿತು. ಆಮೇಲೆ ಹಿಂದೆ ಸರಿಯಿತು.

"ಯಾರೂ ಹತ್ತಿರ ಹೋಗಬೇಡಿ" ಎಂದರು ಜನಕ್ಕೆ, ಬಹಳ ಗಂಭೀರವಾಗಿ. "ಇನ್ನೂ ಹತ್ತು ದಿನ ಬಲು ಸೂಕ್ಷ್ಮ. ಇಲಾಖೆ ಆರ್ಡರು." ಸೈಕಲ್ ಹತ್ತುವಾಗ ಅತ್ತೆಯ ಕಡೆ ತಿರುಗಿ, "ಆ ಹುಳಕ್ಕೆ ಕಾಫಿ ಕಮ್ಮಿ ಮಾಡಿಸಿ ಅಮ್ಮಾ. ನಿದ್ದೆ ಬೇಕು" ಎಂದು ಮೆಲ್ಲಗೆ ಹೇಳಿದರಂತೆ.

ಒಂದೇ ಒಂದು ಲೆಕ್ಕ ನಾವು ಮರೆತಿದ್ದೆವು. ನಾಲ್ಕನೇ ಜ್ವರ ಎದ್ದು ಒಂದು ವಾರಕ್ಕೆ ಹುಳ ಹಣ್ಣಾಗುತ್ತದೆ. ಅಂದರೆ ಮೈ ಹೊಳಪಾಗಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆ ದಿನ ಹಣ್ಣಾದ ಹುಳಗಳನ್ನು ಒಂದೊಂದೇ ಆಯ್ದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ, ಅಕ್ಕಪಕ್ಕದವರೆಲ್ಲ ಕರೆಯದೆಯೇ ಬರುತ್ತಾರೆ. ನಮ್ಮ ಬೀದಿಯವರೆಲ್ಲ ಬಾಗಿಲಿಗೆ ಬೇವು ಕಟ್ಟಿದಂದಿನಿಂದ ದಿನ ಎಣಿಸುತ್ತಿದ್ದರು.

ಯುಗಾದಿಯ ಹಿಂದಿನ ದಿನ. ಇವರು ಟೈಪ್ ಮಾಡಿದ್ದನ್ನೆಲ್ಲ ಬೆಳಗಿನ ರೈಲಿಗೆ ಒಯ್ಯಬೇಕು, ಅದೇ ಕಡೆಯ ದಿನ. ನನಗೆ ಇನ್ನೂ ನಾಲ್ಕು ಪುಟ ಉಳಿದಿತ್ತು. ಬೆಳಕು ಹರಿಯುವ ಹೊತ್ತಿಗೆ ಜಗಲಿಯ ಮೇಲೆ ಚಂದ್ರಿಕೆಗಳನ್ನು ಒರಗಿಸುವ ಸದ್ದು. ಅತ್ತೆ ತಡೆಯಲು ಮುಂಬಾಗಿಲಿಗೆ ಓಡಿದರು. ಸೊಪ್ಪು ಬರಲಿಲ್ಲವೆಂದು ದೊಡ್ಡ ಮೇಕೆ ಹಿಂಬಾಗಿಲು ನೂಕಿಕೊಂಡು ತಾನೇ ಒಳಗೆ ಬಂತು. ಮೊದಲ ತಟ್ಟೆಗೇ ಬಾಯಿ ಹಾಕಿ ಎಳೆಯಿತು. ತಟ್ಟೆಗಳ ಸ್ಟ್ಯಾಂಡು ಪೂರ್ತಿ ಮಗುಚಿ ನೂರ ಮೂವತ್ತು ಪುಟ ನೆಲದ ತುಂಬಾ ಹರಡಿಹೋಯಿತು. ಸದ್ದಿಗೆ ಎಲ್ಲರೂ ಒಳಗೆ ನುಗ್ಗಿದರು.

ಅವರು ಕಂಡದ್ದು ಇಷ್ಟು: ಒಂದು ಮೇಕೆ ‘ಏಕಾಗ್ರತೆ’ ಎಂಬ ಅಧ್ಯಾಯವನ್ನು ಅಗಿಯುತ್ತಿದೆ, ಇನ್ನೊಂದು ತುದಿಯನ್ನು ನಾನು ಎಳೆಯುತ್ತಿದ್ದೇನೆ.

"ಹುಳ ಎಲ್ಲಮ್ಮಾ?" ಎಂದರು ಆವಲಪ್ಪ ತಾತ.

"ನಾನೇ ತಾತ" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ, ಅಳುತ್ತ.

ರಾಮಲಕ್ಷ್ಮಮ್ಮ ಸೊಂಟಕ್ಕೆ ಕೈಯಿಟ್ಟರು. "ನಿಮ್ಮ ಹುಳಕ್ಕೆ ಘಾಟು ಆಗಲ್ಲ ಅಂತ ನಾನು ಒಂದು ತಿಂಗಳಿಂದ ಒಗ್ಗರಣೆ ಹಾಕಿಲ್ಲ ಕಣೇ. ನಮ್ಮನೆಯೋರು ಸಪ್ಪೆ ಸಾರು ತಿಂದು ತಿಂದು ಸೊರಗಿಹೋದ್ರು."

ನಾನು ತಲೆ ತಗ್ಗಿಸಿದೆ. ಇದು ನನಗೆ ಗೊತ್ತೇ ಇರಲಿಲ್ಲ.

"ಇನ್ನೆಷ್ಟು ಐತೆ?"

"ನಾಲ್ಕು ಪುಟ. ಮೇಕೆ ತಿಂದಿದ್ದು ಎರಡು."

"ರೈಲಿಗೆ?"

"ಒಂದೂವರೆ ಗಂಟೆ" ಎಂದರು ಇವರು, ಅಂಗಿಯ ಗುಂಡಿಗಳನ್ನು ತಪ್ಪು ತೂತಿಗೆ ಹಾಕಿಕೊಳ್ಳುತ್ತ.

"ಮತ್ತೆ ನಿಂತ್ಕೊಂಡು ಏನ್ ನೋಡ್ತೀರ" ಎಂದು ರಾಮಲಕ್ಷ್ಮಮ್ಮ ಸೆರಗು ಸಿಕ್ಕಿಸಿದರು. "ಆಯಕ್ಕೆ ತಾನೇ ಬಂದಿದ್ದು? ಆಯ್ರಿ."

ಎಲ್ಲರೂ ನೆಲಕ್ಕೆ ಕೂತರು. ಕೆಲವರಿಗೆ ಅಕ್ಷರ ಬಾರದು, ಆದರೆ ಬಸ್ಸಿನ ನಂಬರು ನೋಡಿ ಹತ್ತುವವರಿಗೆ ಅಂಕಿ ಬಾರದೆ ಇರುತ್ತದೆಯೇ. "ಐವತ್ತೆರಡು ಯಾರ ಹತ್ರ?" "ಇಗೋ, ಮೇಕೆ ಕಾಲಡಿ." ಹಣ್ಣು ಹುಳವನ್ನು ಎತ್ತುವ ಹಾಗೆ ಎರಡೇ ಬೆರಳಲ್ಲಿ, ನಲುಗದಂತೆ, ಒಂದೊಂದು ಹಾಳೆಯನ್ನೂ ಎತ್ತಿ ಚಂದ್ರಿಕೆಯ ಮೇಲೆ ಸಾಲಾಗಿ ಇಟ್ಟರು. ನಾನು ಟಕಟಕ ಬಡಿಯುತ್ತಿದ್ದೆ. ಪ್ರತಿ ಸಾಲಿಗೂ ಟಿಣ್ ಎಂದಾಗ ಆವಲಪ್ಪ ತಾತ "ಮುಗೀತು ಒಂದು" ಎನ್ನುತ್ತಿದ್ದರು. ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಒಗ್ಗರಣೆಯ ಮಾತೂ ಎತ್ತಲಿಲ್ಲ.

ಕೊನೆಯ ಹಾಳೆ ಎಳೆದಾಗ ತಾತ ಚಂದ್ರಿಕೆಯ ತುಂಬಾ ಇದ್ದ ಕಾಗದ ನೋಡಿ, "ಗೂಡು ಬೆಳ್ಳಗೆ ಬಂದಿದೆ" ಎಂದರು. ಅತ್ತೆ ಗೂಡನ್ನು ಮಾರುಕಟ್ಟೆಗೆ ಒಯ್ಯುವ ಬಟ್ಟೆಯಲ್ಲೇ ಅದನ್ನು ಗಂಟು ಕಟ್ಟಿ ಮಗನ ತಲೆಯ ಮೇಲಿಟ್ಟರು. ಇವರು ಹಾಗೆಯೇ ಸ್ಟೇಷನ್ನಿಗೆ ಓಡಿದರು. ರೈಲು ಹತ್ತು ನಿಮಿಷ ತಡವಾಗಿತ್ತಂತೆ, ನಮ್ಮ ಪುಣ್ಯ.

ರಾಮಲಕ್ಷ್ಮಮ್ಮ ಹೊರಡುವಾಗ ಬಾಗಿಲಲ್ಲಿ ನಿಂತು, "ಮಧ್ಯಾಹ್ನ ನಮ್ಮನೇಗೆ ಬಾ. ಒಗ್ಗರಣೆ ಹಾಕ್ತೀನಿ, ಇಡೀ ಬೀದಿ ಸೀನಬೇಕು" ಎಂದರು. ಹಾಗೇ ಆಯಿತು.

ಪುಸ್ತಕ ಜುಲೈನಲ್ಲಿ ಬಂತು. ಮೊದಲ ಪುಟದಲ್ಲಿ ‘ಕನ್ನಡಕ್ಕೆ: ಎಂ. ಅನಸೂಯ’ ಎಂದು ಸರಿಯಾಗಿಯೇ ಇತ್ತು. ಮೇಕೆ ತಿಂದ ಎರಡು ಪುಟವನ್ನು ನಾನು ಅವಸರದಲ್ಲಿ ನೆನಪಿನಿಂದ ಬರೆದದ್ದು, ಅಲ್ಲಿ ದೊರೆ ‘ಹಿತ್ತಲ ಬಾಗಿಲಿಗೆ ಅಗುಳಿ ಹಾಕಿರಬೇಕು’ ಎಂದು ಹೇಳುತ್ತಾನೆ. ಯಾರೂ ತಪ್ಪು ಹಿಡಿಯಲಿಲ್ಲ.

ಎಲ್ಲರಿಗಿಂತ ಮೊದಲು ರಾಮಲಕ್ಷ್ಮಮ್ಮನಿಗೆ ತೋರಿಸಬೇಕೆಂದು ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವರ ಮನೆಗೆ ಓಡಿದೆ. ಮಧ್ಯಾಹ್ನ ಎರಡು ಗಂಟೆ. ಬಾಗಿಲು ಹಾಕಿತ್ತು, ಚಿಲಕಕ್ಕೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಅವರು ಆ ತಿಂಗಳು ಹುಳ ಸಾಕಿರಲಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಒಳಗಿಂದ ಸಣ್ಣಗೆ ಗೊರಕೆ ಕೇಳಿಸುತ್ತಿತ್ತು.

ನಾನು ತುಟಿಯ ಮೇಲೆ ಬೆರಳಿಟ್ಟುಕೊಂಡು, ಹಿಮ್ಮುಖವಾಗಿಯೇ ಮೆಟ್ಟಿಲಿಳಿದು ಬಂದೆ.