ಗುರುತಿಲ್ಲದ ಮನೆ

“ಯಾರು ಬಡಿದ್ರೂ ಬಾಗಿಲು ತೆಗೀಬಾರ್ದು. ಬೆಳಗಾಗೋವರೆಗೂ. ಗೊತ್ತಾಯ್ತಾ?”

ಪಾದ್ರಿಯ ಮಾತಿಗೆ ಮಕ್ಕಳು ತಲೆಯಾಡಿಸಿದರು. ಭಾನುವಾರದ ನಾಟಕಕ್ಕೆ ಇದು ಕಡೆಯ ತಾಲೀಮು. ಮಟಮಟ ಮಧ್ಯಾಹ್ನ ಕಿಟಕಿಗಳಿಗೆ ಕಂಬಳಿ ಕಟ್ಟಿ ಚರ್ಚಿನ ಹಿಂದಿನ ಕೋಣೆಯಲ್ಲಿ ರಾತ್ರಿ ಮಾಡಿದ್ದರು. ಕುರಿಮರಿಯ ರಕ್ತವೆಂದು ಬಾಗಿಲ ಚೌಕಟ್ಟಿಗೆ ಹೊರಗಿನಿಂದ ಕೆಂಪು ಬಣ್ಣ ಬಳಿದಿದ್ದರು. ಆ ಗುರುತು ಕಂಡ ಮನೆಯನ್ನು ಸಾವು ದಾಟಿ ಹೋಗಬೇಕು. ಒಳಗೆ, ಐಗುಪ್ತದಲ್ಲಿ ಅಂದರೆ ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಇಸ್ರಾಯೇಲ್ಯರ ವೇಷದ ಮಕ್ಕಳು ಚಪ್ಪಲಿ ಮೆಟ್ಟಿ, ಕೋಲು ಹಿಡಿದು, ಹುಳಿಯಿಲ್ಲದ ರೊಟ್ಟಿಯ ಬದಲು ಬಿಸ್ಕತ್ತು ತಿನ್ನುತ್ತ ಕೂತಿದ್ದರು.

ಅವರನ್ನು ಬಿಡಿಸಿಕೊಂಡು ಹೋಗುವ ಮೋಶೆ ಪಾದ್ರಿಯೇ. ಗಡ್ಡ ಅವನದೇ ಇತ್ತು, ಬಾಡಿಗೆ ಉಳಿಯಿತು.

“ದೇವರು ಗುಲಾಮರ ಗೋಳು ಕೇಳಿಸಿಕೊಂಡ. ಈ ಕಥೆಯ ಅರ್ಥ ಅಷ್ಟೇ” ಎಂದ. ವರ್ಷಾನುಗಟ್ಟಲೆ ಹೇಳಿದ ಮಾತು. ಇಟ್ಟಿಗೆ ಹೊತ್ತು ಬಾಗಿದ ಬೆನ್ನುಗಳು ನೆಟ್ಟಗಾದವು ಎಂಬುದನ್ನು ಈಗಲೂ ಅವನು ನಂಬುತ್ತಾನೆ. ಆದರೆ ಐಗುಪ್ತದ ಚೊಚ್ಚಲ ಮಕ್ಕಳು ಒಂದೇ ರಾತ್ರಿ ಸತ್ತರೆಂಬ ವಾಕ್ಯ ಬಂದಾಗ ಬೇಗಬೇಗ ಓದಿ ಮುಂದಕ್ಕೆ ಹೋಗುತ್ತಾನೆ. ಹೋದ ವರ್ಷ ಅವನ ಚೊಚ್ಚಲ ಮಗ ಜ್ವರದಲ್ಲಿ ತೀರಿಕೊಂಡಿದ್ದ.

ನಾಟಕದಲ್ಲಿ ಅದನ್ನೆಲ್ಲ ಮೊಟಕು ಮಾಡಿದ್ದ. ಒಬ್ಬ ಐಗುಪ್ತದ ತಾಯಿ ಬಂದು ಬಾಗಿಲು ಬಡಿದು, “ಅಯ್ಯೋ, ನನ್ನ ಮಗ!” ಎಂದು ಅತ್ತು ಹೋಗಬೇಕು. ಆ ಪಾತ್ರ ಯಾರಿಗೂ ಬೇಡವಾಗಿತ್ತು. ಸೋತವರ ವೇಷಕ್ಕೆ ಗಿರಾಕಿಗಳಿರುವುದಿಲ್ಲ.

“ನಾನು ಮಾಡ್ತೀನಿ ರೀ” ಎಂದಿದ್ದಳು ಹೆಂಡತಿ, ಬೆಳಿಗ್ಗೆ ಪಾತ್ರೆ ತೊಳೆಯುತ್ತ.

“ನೀನ್ಯಾಕೆ? ಬೇರೆ ಯಾರಾದ್ರೂ...”

“ಒಂದೇ ಮಾತಲ್ವಾ ಇರೋದು.”

ಮಗನನ್ನು ಮಣ್ಣು ಮಾಡಿದ ಮೇಲೆ ಅವಳು ಚರ್ಚಿನತ್ತ ಸುಳಿದಿರಲಿಲ್ಲ. ಈ ನೆಪದಲ್ಲಾದರೂ ಬರಲಿ ಎಂದು ಒಪ್ಪಿಕೊಂಡ. ಆಡಿಕೊಳ್ಳುವವರ ಬಾಯಿಗೆ ಬೀಗ ಬೀಳುತ್ತದೆಂಬ ಲೆಕ್ಕವೂ ಇತ್ತು. ಅದನ್ನು ತನಗೇ ಹೇಳಿಕೊಂಡಿರಲಿಲ್ಲ.

ತಾಲೀಮಿನ ಕತ್ತಲಲ್ಲಿ ಈಗ ಬಾಗಿಲು ಬಡಿದ ಸದ್ದಾಯಿತು. ಅಳು ಮಾತ್ರ ಕೇಳಲಿಲ್ಲ.

“ರೀ” ಎಂದಳು ಹೊರಗಿನಿಂದ.

ಅವನು ಬಾಗಿಲ ಸಂದಿಗೆ ಬಾಯಿಟ್ಟು ಪಿಸುಗುಟ್ಟಿದ. “ನಿನ್ನ ಮಾತು ಹೇಳೇ.”

“ನಮ್ಮನೆ ಬಾಗಿಲಿಗೆ ಯಾಕ್ರೀ ಬಳೀಲಿಲ್ಲ?”

“ಅಮ್ಮಾವ್ರು ಮಾತು ಮರೆತುಬಿಟ್ರು!” ಎಂದು ಒಂದು ಮಗು ಕಿಸಕ್ಕನೆ ನಕ್ಕಿತು.

ಉತ್ತರಗಳು ಅವನ ಬಳಿ ಬೇಕಾದಷ್ಟಿದ್ದವು. ದೇವರ ಕೃಪೆ, ಚಿತ್ತ, ಪರೀಕ್ಷೆ. ಊರಿಗೆಲ್ಲ ಹಂಚಿದ್ದ.

“ಅವತ್ತು ಮಗು ಅಪ್ಪಾ ಅಪ್ಪಾ ಅಂತಿತ್ತು. ನೀವು ಕೋಣೆ ಬಾಗಿಲು ಹಾಕ್ಕೊಂಡು ಪ್ರಾರ್ಥನೆ ಮಾಡ್ತಿದ್ರಿ. ನಾನು ಹೀಗೇ ಬಡಿದೆ.”

“ಕೇಳಿಸ್ಲಿಲ್ಲ ಕಣೇ.”

“ಕೇಳಿಸ್ತು.” ಅವಳು ಮತ್ತೆ ಬಡಿಯತೊಡಗಿದಳು.

ಕೇಳಿಸಿತ್ತು. ತೆಗೆದರೆ ಮಗ ಸಾಯುವುದನ್ನು ನೋಡಬೇಕಾಗುತ್ತಿತ್ತು. ದೇವರ ಕಾಲು ಬಿಡದೆ ಹಿಡಿದುಕೊಂಡಿದ್ದ. ಚಿಲಕಕ್ಕೆ ಕೈ ಹಾಕಿದ.

ಬಾಯಿಬಡುಕಿ ಎಂದು ಹೆಸರಾದ ಹುಡುಗಿ ಅವನ ಅಂಗಿ ಹಿಡಿದು ಜಗ್ಗಿದಳು. “ತೆಗೀಬೇಡಿ! ತೆಗೆದ್ರೆ ನಾವೆಲ್ಲ ಸತ್ತೋಗ್ತೀವಿ. ನೀವೇ ಹೇಳಿದ್ರಲ್ಲ!”

ಕತ್ತಲಲ್ಲಿ ಯಾವುದೋ ಮಗು ನಿಜವಾಗಿಯೇ ಅಳತೊಡಗಿತು. ಹೆದರಿದ ಉಳಿದವರು ಬಿಡುಗಡೆಯ ಹಾಡನ್ನು ಹೊತ್ತಿಗೆ ಮುಂಚೆಯೇ ಎತ್ತಿಕೊಂಡರು. ಹಾಡಿನಲ್ಲಿ ಸಮುದ್ರ ಇಬ್ಭಾಗವಾಯಿತು, ಬೆನ್ನಟ್ಟಿ ಬಂದವರ ಕುದುರೆಗಳು ಮುಳುಗಿದವು. ಹೊರಗಿನ ಬಡಿತ ನಿಂತಿತೋ ಹಾಡಿನೊಳಗೆ ಮುಳುಗಿತೋ ಅವನಿಗೆ ತಿಳಿಯಲಿಲ್ಲ.

ಚಿಲಕದ ಮೇಲಿನ ಕೈ ಅಲ್ಲೇ ಇತ್ತು. ಅವನ ಬೆನ್ನ ಹಿಂದೆ ಇಸ್ರಾಯೇಲ್ಯರು ಕೋಲು ಹಿಡಿದು ಎದ್ದು ನಿಂತು ಮೋಶೆಗಾಗಿ ಕಾಯುತ್ತಿದ್ದರು. ಆ ಕೋಣೆಯಿಂದ ಹೊರಗೆ ಹೋಗಲು ಇದ್ದದ್ದು ಅದೊಂದೇ ಬಾಗಿಲು.