ಕಚ್ಚಾ ಹೊಲಿಗೆ

ಸಂಜೀವಯ್ಯ ಬಿಳಿ ನಿಲುವಂಗಿಯ ಬೆನ್ನನ್ನು ಕೊರಳಿಂದ ಅಂಚಿನವರೆಗೂ ಕತ್ತರಿಸಿದ. ಸೆಟೆದ ಮೈಗೆ ಅಂಗಿ ತೊಡಿಸಲು ಬೇರೆ ದಾರಿಯಿಲ್ಲ; ಹಿಂದಿನಿಂದ ಸೀಳಿ, ತೋಳು ತೂರಿಸಿ, ಮತ್ತೆ ಹೊಲಿಯಬೇಕು. ಪಾವಗಡದಲ್ಲಿ ನಲವತ್ತು ವರ್ಷ ಟೈಲರ್ ಅಂಗಡಿ ನಡೆಸಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಈ ಅಂಗಿ ಹೊಲಿದವನೂ ಅವನೇ.

ಪಾಸ್ಟರ್ ಭೀಮರಾಜು ನಿನ್ನೆ ಬಲಸಮುದ್ರದ ಸೋಲಾರ್ ಪ್ಲೇಟುಗಳ ನಡುವೆ ವಾಚ್‌ಮನ್‌ಗಳಿಗೆ ಪ್ರಾರ್ಥನೆ ಮಾಡಿಸಿ ಮನೆಗೆ ಬಂದು, ನೀರು ಕೇಳಿ, ಕುಡಿಯುವ ಮೊದಲೇ ಹೋಗಿಬಿಟ್ಟಿದ್ದ.

ಇಬ್ಬರು ಹೆಣವನ್ನು ಮಗ್ಗುಲಾಗಿಸಿ ಹಿಡಿದರು. ಸಂಜೀವಯ್ಯ ಉದ್ದುದ್ದ ಕಚ್ಚಾ ಹೊಲಿಗೆ ಹಾಕುತ್ತ ಮೇಲಕ್ಕೆ ಬಂದ.

"ಗಟ್ಟಿಯಾಗಿ ಹೊಲಿಯಣ್ಣ," ಎಂದಳು ಭೀಮರಾಜುವಿನ ಹೆಂಡತಿ ಸರೋಜಮ್ಮ. "ಈ ಅಂಗಿಗೋಸ್ಕರ ನಾಕು ವರ್ಸ ಕಾದ್ರು. ಕಾಗ್ದ ಬರ್ದು ದೀಕ್ಷೆ ನಿಲ್ಲಿಸಿದ್ನಲ್ಲ ಯಾವನೋ, ಅವನ ಕೈ ಸೇದೋಗ!"

ಸಂಜೀವಯ್ಯನ ಕೈ ಅಲ್ಲೇ ನಿಂತಿತು. ಆ ಕಾಗದ ಬರೆದದ್ದು ಅದೇ ಕೈಯ ಜೋಡಿ, ಅವನ ಎಡಗೈ.

ಅಷ್ಟರಲ್ಲಿ ಹೊರಗೆ ವ್ಯಾನು ಬಂತು, ಗಡಿಬಿಡಿಯಾಯಿತು. ಅವನು ದಾರ ಕಡಿಯದೆ, ಸೂಜಿಯನ್ನು ಅಭ್ಯಾಸಬಲದಿಂದ ಆ ನಿಲುವಂಗಿಯ ಕೊರಳಪಟ್ಟಿಯ ಪಕ್ಕಕ್ಕೆ ಚುಚ್ಚಿ ಎದ್ದ.

*

ಹದಿನೈದು ವರ್ಷದ ಹಿಂದೆ ಇಬ್ಬರೂ ಸಭಾಪಾಲಕರಾಗಲು, ಅಂದರೆ ಪಾಸ್ಟರ್ ಆಗಲು, ಅರ್ಜಿ ಹಾಕಿದ್ದರು. ಸಂಜೀವಯ್ಯನದು ಮೂರು ತಲೆಮಾರಿನ ಕ್ರೈಸ್ತ ಮನೆ, ಚರ್ಚಿನಲ್ಲಿ ಹಿರಿಯನ ಸ್ಥಾನ. ಆದರೆ ಎಸ್ಸೆಸ್ಸೆಲ್ಸಿ ಫೇಲು. ಭೀಮರಾಜು ಮಧುಗಿರಿ ರೂಟಿನ ಬಸ್ ಕಂಡಕ್ಟರ್. ಒಂದು ಕಾಲದಲ್ಲಿ ವಿಪರೀತ ಕುಡಿಯುತ್ತಿದ್ದ. ಬಿಟ್ಟು ಎಷ್ಟೋ ವರ್ಷವಾಗಿತ್ತು. ಅವನು ಆಯ್ಕೆಯಾದ. ಕೆಲಸ ಬಿಟ್ಟು ಮೂರು ವರ್ಷದ ಓದಿಗೆ ಹೊರಟ.

"ಈ ವಯಸ್ನಾಗೆ ಯಾಕಪ್ಪ?" ಎಂದವರಿಗೆ, "ಇಷ್ಟು ದಿನ ನಾನು ರೈಟ್ ಅಂದ್ರೆ ಬಸ್ಸು ಹೊರಡೋದು. ಈಗ ದೇವ್ರು ರೈಟ್ ಅಂದವ್ನೆ, ನಾನು ಹೊಂಟೆ," ಎನ್ನುತ್ತಿದ್ದ.

ದೀಕ್ಷೆಗೆ ಮೊದಲು ಚರ್ಚಿನಲ್ಲಿ ಕೇಳುವ ವಾಡಿಕೆಯಿದೆ: ಈತನ ಬಗ್ಗೆ ಯಾರಿಗಾದರೂ ಆಕ್ಷೇಪಣೆಯಿದ್ದರೆ ತಿಳಿಸಿ ಎಂದು. ಸಂಜೀವಯ್ಯ ಭೀಮರಾಜುವಿನ ದೀಕ್ಷೆಯ ಅಂಗಿ ಹೊಲಿದು ಇಸ್ತ್ರಿ ಮಾಡಿಟ್ಟು, ಅದೇ ಮೇಜಿನ ಮೇಲೆ ಬಿಷಪ್ಪರಿಗೆ ಹೆಸರಿಲ್ಲದ ಕಾಗದ ಬರೆದ. ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದ. ಭೀಮರಾಜು ಈಗಲೂ ಕುಡಿಯುತ್ತಾನೆ ಎಂದು ಬರೆದ. ಹೊಟ್ಟೆಕಿಚ್ಚಿಗೆ ಯಾವ ಕೈಯಾದರೇನು.

ದೀಕ್ಷೆ ನಿಂತಿತು. ನಾಲ್ಕು ವರ್ಷ ಭೀಮರಾಜು ಆಸ್ಪತ್ರೆಯ ರೋಗಿಗಳಿಗೆ ಗಂಜಿ ಹೊತ್ತ, ಯಾರನ್ನೂ ದೂರಲಿಲ್ಲ. ಕೊನೆಗೆ ದೀಕ್ಷೆಗೆ ಕರೆ ಬಂದಾಗ ಅಂಗಿ ಬಿಗಿಯಾಗಿತ್ತು. ಅಳತೆ ಕೊಡಲು ಅಂಗಡಿಗೆ ಬಂದ. ಸಂಜೀವಯ್ಯ ಟೇಪು ಹಿಡಿದು ಬಗ್ಗಿದಾಗ ತಲೆಯ ಮೇಲಿಂದ ಮಾತು ಕೇಳಿಸಿತು.

"ಆ ಕಾಗ್ದ ನಂಗೆ ತೋರ್ಸಿದ್ರು ಕಣಣ್ಣ. ಎರಡು ಹಾಳೆಗೆ ಪಿನ್ನು ಹೊಡೆದಿರ್ನಿಲ್ಲ. ಬಿಳೀ ದಾರದಾಗೆ ಕಚ್ಚಾ ಹೊಲಿಗೆ ಹಾಕಿತ್ತು."

ಸಂಜೀವಯ್ಯ ಟೇಪನ್ನು ಸೊಂಟಕ್ಕೆ ಸುತ್ತಿದ.

"ಪೂರಾ ಸುಳ್ಳೇನಲ್ಲ ಬುಡು. ಕುಡೀತಿದ್ದೆ. ವರ್ಸ ಮಾತ್ರ ತಪ್ಪು ಬರ್ದಿತ್ತು. ಸೊಂಟ ಎಷ್ಟು ಬಂತು?"

"ಮೂವತ್ತೆಂಟು."

ಕ್ಷಮಿಸು ಎನ್ನಬೇಕಿತ್ತು, ಮೂವತ್ತೆಂಟು ಎಂದ. ಆಮೇಲೆ ಎಂಟು ವರ್ಷ, ಪ್ರತಿ ಭಾನುವಾರ ಅದೇ ಕೈಗಳನ್ನು ಚಾಚಿ ಭೀಮರಾಜುವಿನಿಂದ ಪ್ರಭುಭೋಜನದ ರೊಟ್ಟಿ ತೆಗೆದುಕೊಂಡ.

*

ಚರ್ಚು ತುಂಬಿತ್ತು. ವಾಚ್‌ಮನ್ ತಿಪ್ಪೇಶ್ ಮೊದಲು ಮಾತಾಡಿದ. "ನಾನು ನಿಮ್ಮೋನಲ್ಲ. ಆದ್ರೂ ನನ್ನ ಮಗಳಿಗೆ ಜ್ವರ ಬಂದಾಗ ಮೂರು ದಿನ ನನ್ನ ಡ್ಯೂಟಿ ಪಾಸ್ಟರೇ ಮಾಡಿದ್ರು, ನನ್ನ ಟೋಪಿ ಹಾಕ್ಕಂಡು," ಎಂದು ಹೇಳಿ ಕೂತ.

"ಈಗ ಸಂಜೀವಯ್ಯನೋರು," ಎಂದರು ಮಧುಗಿರಿಯ ಪಾಸ್ಟರ್ ಪ್ರಸನ್ನ ಕುಮಾರ್. "ಒಡಹುಟ್ಟಿದೋರ ಹಂಗಿದ್ರು ಇಬ್ರೂ."

ಸಂಜೀವಯ್ಯ ಎದ್ದು ಪೆಟ್ಟಿಗೆಯ ಪಕ್ಕ ನಿಂತ. ಒಳ್ಳೆಯ ಮಾತುಗಳನ್ನು ಮನೆಯಲ್ಲೇ ಜೋಡಿಸಿಕೊಂಡು ಬಂದಿದ್ದ.

"ಆ ಕಾಗ್ದ ಬರ್ದೋನು ನಾನು," ಎಂದ. "ಸುಳ್ಳು ಬರ್ದೆ. ಭೀಮರಾಜುಗೆ ಗೊತ್ತಿತ್ತು. ಅವನು ಯಾರಿಗೂ ಹೇಳ್ನಿಲ್ಲ. ನಾನೂ ಹೇಳ್ನಿಲ್ಲ."

ಬಾ, ಕೂತ್ಕೋ ಎಂದು ಒಬ್ಬರೂ ಕರೆಯಲಿಲ್ಲ. ಪ್ರಸನ್ನ ಕುಮಾರ್ ಸನ್ನೆ ಮಾಡಿದರು. ಮುಚ್ಚಳ ಎತ್ತಿ ತಂದರು.

"ತಡೀರಿ," ಎಂದಳು ಸರೋಜಮ್ಮ. ಅವಳು ಗಂಡನ ಕೊರಳನ್ನೇ ನೋಡುತ್ತಿದ್ದಳು. "ಸೂಜಿ ಅಲ್ಲೇ ಬಿಟ್ಟಿದ್ದೀಯ. ಚುಚ್ತದೆ ಅವರಿಗೆ. ತೆಗಿ."

ಈ ಸಲ ಅಣ್ಣ ಎನ್ನಲಿಲ್ಲ.

ಸಂಜೀವಯ್ಯ ಸೂಜಿ ಕಿತ್ತ. ದಾರ ಇನ್ನೂ ಅಂಗಿಗೇ ಅಂಟಿತ್ತು, ಕತ್ತರಿ ಮನೆಯಲ್ಲಿ ಉಳಿದಿತ್ತು. ಅವನು ಪೆಟ್ಟಿಗೆಯೊಳಕ್ಕೆ ಬಗ್ಗಿ, ಭೀಮರಾಜುವಿನ ಕೊರಳಿಗೆ ಮುಖವಿಟ್ಟು, ದಾರವನ್ನು ಹಲ್ಲಿನಿಂದ ಕಡಿದ.