ಇಪ್ಪತ್ತೊಂಬತ್ತು ಡಿಗ್ರಿ

೧೯೭೯ರಲ್ಲಿ ನನ್ನ ಬೆನ್ನುಮೂಳೆ ಇಪ್ಪತ್ತೆರಡು ಡಿಗ್ರಿ ಬಲಕ್ಕೆ ವಾಲಿತ್ತು. ನನಗೆ ಹದಿಮೂರು ವರ್ಷ. ಕಂಕನಾಡಿಯ ಡಾಕ್ಟರರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ನಲವತ್ತು ದಾಟಿದರೆ ಆಪರೇಷನ್, ದಾಟಬಾರದೆಂದಿದ್ದರೆ ಬೆಲ್ಟ್ ಎಂದರು. ಬೆಲ್ಟ್ ಅಂದರೆ ಸೊಂಟಕ್ಕೆ ಚರ್ಮ, ಬೆನ್ನಿಗೆ ಕಬ್ಬಿಣದ ಸರಳು, ಗಲ್ಲದ ಕೆಳಗೊಂದು ಬಳೆ. ದಿನಕ್ಕೆ ಇಪ್ಪತ್ತಮೂರು ಗಂಟೆ ಹಾಕಿಕೊಳ್ಳಬೇಕು. ಉಳಿದ ಒಂದು ಗಂಟೆ ಸ್ನಾನಕ್ಕೆ ಮತ್ತು ಆಸ್ಪತ್ರೆಯ ವಿನಿಫ್ರೆಡ್ ಬಾಯಿ ಕಲಿಸಿದ ವ್ಯಾಯಾಮಕ್ಕೆ.

ಬೆಳಿಗ್ಗೆ ಅಮ್ಮ ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹಲ್ಲು ಕಚ್ಚಿ ಪಟ್ಟಿ ಎಳೆದು ಕಟ್ಟುತ್ತಿದ್ದಳು. ನಾನು ನೆಟ್ಟಗೆ ಹೊರಟು ಎರಡು ಗೇಟು ದಾಟಿ ನೆಲ್ಲಿಯ ಮನೆಗೆ ಹೋಗುತ್ತಿದ್ದೆ. ನೆಲ್ಲಿ ನನ್ನ ಕ್ಲಾಸಿನವಳು. ಅವಳ ತಾಯಿ ಕುವೈಟಿನಲ್ಲಿ ನರ್ಸ್, ಅಜ್ಜಿ ಆ ಹೊತ್ತಿಗೆ ಇಗರ್ಜಿಯಲ್ಲಿ. ನೆಲ್ಲಿ ಬೆಲ್ಟ್ ಬಿಚ್ಚುತ್ತಿದ್ದಳು, ಶಾಲೆ ಬಿಟ್ಟ ಮೇಲೆ ಪುನಃ ಕಟ್ಟುತ್ತಿದ್ದಳು. ಸಂಜೆಯವರೆಗೆ ನನ್ನ ಬದಲು ಅದು ಅವಳ ಮಂಚದ ಮೇಲೆ ನೆಟ್ಟಗೆ ಮಲಗಿರುತ್ತಿತ್ತು. ಶಾಲೆಯಲ್ಲಿ ಆ ಬಳೆಯ ಮೇಲಿನ ಕತ್ತು ನೋಡಿ ಯಾರೂ ನನ್ನನ್ನು ಒಂಟೆ ಅನ್ನಬಾರದು, ನನಗೆ ಬೇಕಾದ್ದು ಅಷ್ಟೇ. ಹದಿಮೂರು ವರ್ಷಕ್ಕೆ ಬೇರೆ ಎಂತ ಬೇಕು ಮಾರಾಯ್ರೇ!

ಆರು ತಿಂಗಳ ಮೇಲೆ ಇನ್ನೊಂದು ಎಕ್ಸ್‌ರೇ. ಇಪ್ಪತ್ತೊಂಬತ್ತು.

“ಬೆಲ್ಟ್ ಕಟ್ಟುವುದು ಯಾರು?” ಎಂದರು ವಿನಿಫ್ರೆಡ್ ಬಾಯಿ.

“ನಾನೇ,” ಅಂದಳು ಅಮ್ಮ.

“ಸಡಿಲ ಆಗ್ತದಾ ಎಂತ. ಗಟ್ಟಿ ಎಳೀಬೇಕು ಗುಲಾಬಿಯಕ್ಕ.”

ಬಸ್ಸಿನಲ್ಲಿ ನಂತೂರಿನವರೆಗೂ ಅಮ್ಮ ತನ್ನ ಅಂಗೈ ನೋಡುತ್ತ ಕೂತಿದ್ದಳು.

ಮರುದಿನ ಸಂಜೆ ಸ್ನಾನ ಮುಗಿಸಿ ಬಂದರೆ, ಅಡುಗೆಮನೆಯಲ್ಲಿ ಅಮ್ಮ ನನ್ನ ಬೆಲ್ಟನ್ನು ಬೈಹುಲ್ಲು ಸುತ್ತಿದ ಅಕ್ಕಿಮುಡಿಗೆ ಕಟ್ಟುತ್ತಿದ್ದಳು. ಕಟ್ಟುವುದು, ಬಿಚ್ಚುವುದು, ಪುನಃ ಕಟ್ಟುವುದು. ಬೆರಳಿನ ಗೆಣ್ಣುಗಳಲ್ಲಿ ಚರ್ಮ ಕಿತ್ತುಬಂದಿತ್ತು.

“ಎಂತ ಮಾಡೂದಮ್ಮ?”

“ನಿನ್ನನ್ನು ನೋಯಿಸಿ ಕಲಿಯುವುದು ಬೇಡ ಅಂತ. ನನ್ನ ಕೈಯಲ್ಲಿ ಬಲ ಇಲ್ಲ ಮಗಾ. ನನ್ನಿಂದಾಗಿ ನಿನಗೆ ಆಪರೇಷನ್ ಆದ್ರೆ ನಾನು ಎಂತ ಮಾಡ್ಲಿ?”

ನೆಲ್ಲಿಯ ಮನೆ, ಮಂಚ, ಆರು ತಿಂಗಳು, ಎಲ್ಲ ಹೇಳಿಬಿಟ್ಟೆ.

ಅಮ್ಮ ಪಟ್ಟಿ ಕೈಬಿಟ್ಟಳು.

“ಹಾಗಾದ್ರೆ ನಾನು ಕಟ್ಟಿದ್ದು ಸರಿ ಇತ್ತಾ?”

“ಸರಿ ಇತ್ತು. ಉಸಿರು ತೆಗೀಲಿಕ್ಕೆ ಆಗ್ತಿರ್ಲಿಲ್ಲ.”

ಅವಳು ಅಲ್ಲೇ ನೆಲಕ್ಕೆ ಕೂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ದೇವರೇ!” ಎಂದು ನಗಾಡಿದಳು. ಅಷ್ಟು ಖುಷಿಯಲ್ಲಿ ಅವಳನ್ನು ನಾನು ನೋಡಿರಲಿಲ್ಲ. ಸಾಕಷ್ಟು ನಕ್ಕಾದ ಮೇಲೆ ಎದ್ದು ಬಂದು ನನ್ನ ಕೆನ್ನೆಗೊಂದು ಬಾರಿಸಿದಳು. ಬಲ ಬೇಕಾದಷ್ಟಿತ್ತು.